ಪುಸ್ತಕಕ್ಕೊಂದು ಜಾಮೀನು

ಹೊತ್ತು ಮುಳುಗಿದ ಮೇಲೆ ಹಾವಿನ ಹೆಸರೆತ್ತಬಾರದು, ಹೊರಟು ನಿಂತವರನ್ನು ಎಲ್ಲಿಗೆಂದು ಕೇಳಬಾರದು. ಇವು ಎಲ್ಲರ ಮನೆಯಲ್ಲಿಯೂ ಇರುವ ಕಟ್ಟುಗಳು. ನಮ್ಮ ಮನೆಯಲ್ಲಿ ಇವುಗಳ ಜೊತೆಗೆ ಆಡಬಾರದ ಇನ್ನೊಂದು ಮಾತು ಸೇರಿಕೊಂಡಿದೆ. ಅದು 'ಜಾಮೀನು' ಎಂಬ ಮಾತು.

ನಾನು ಹುಟ್ಟುವುದಕ್ಕೆ ಮೊದಲು ನಮ್ಮಪ್ಪ ದಾಯಾದಿಯೊಬ್ಬನ ಸಾಲಕ್ಕೆ ಜಾಮೀನು ನಿಂತನಂತೆ. ಹೆಬ್ಬೆಟ್ಟು ಒತ್ತಿದ್ದು ಒಂದು ಗಳಿಗೆಯ ಕೆಲಸ. ಸಾಲ ಪಡೆದವನು ಊರು ಬಿಟ್ಟ. ಕೆರೆಯ ಹಿಂದಿದ್ದ ಅರ್ಧ ಎಕರೆ ಗದ್ದೆ ಅವನ ಸಾಲಕ್ಕೆ ಹೋಯಿತು. ನಮಗೆ ಉಳಿದದ್ದು ಬೆಟ್ಟದ ಮಗ್ಗುಲಿನ ಒಂದೆಕರೆ ಬೆದ್ದಲು, ನಾಲ್ಕು ಹುಣಸೆಮರ. ಅಂದಿನಿಂದ ಯಾರಾದರೂ ಕಾಗದ ಹಿಡಿದು ಬಂದರೆ ಅಪ್ಪನ ಬಲಗೈ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತದೆ. ಇಂಥ ಮನೆಯ ಹುಡುಗನಾದ ನಾನು ಒಂದು ಗ್ರಂಥಾಲಯದ ದೆಸೆಯಿಂದ ಆ ಮಾತನ್ನು ಮತ್ತೆ ಮನೆಯೊಳಕ್ಕೆ ತರಬೇಕಾಯಿತು. ಆ ಕಥೆಯನ್ನು ಕಾಲೇಜು ಬಿಡುವ ಮುನ್ನ ಗೆಳೆಯರಿಗೂ ಗುರುಗಳಿಗೂ ಒಪ್ಪಿಸಿ ಹೋಗುವುದು ನ್ಯಾಯವೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟದ ಬುಡದಲ್ಲಿದೆ. ಬೆಟ್ಟದ ಗುಹೆಯಲ್ಲಿ ಸಿದ್ದೇಶ್ವರಸ್ವಾಮಿ, ಸುತ್ತಲೂ ಗಿಡಮೂಲಿಕೆಗಳು. ಹಿಂದೆ ಇಲ್ಲಿ ಸಿದ್ಧರು ತಪಸ್ಸು ಮಾಡಿದರೆಂದು ಪ್ರತೀತಿ. ಪುಣ್ಯಕ್ಕೆ ಬರುವವರೂ ಉಂಟು, ಮೈಗೆ ಒಳ್ಳೆಯದೆಂದು ಹತ್ತುವವರೂ ಉಂಟು. ಜನ ಸೇರುವ ದಿನಗಳಲ್ಲಿ ಅಮ್ಮ ಮೆಟ್ಟಿಲ ಬಳಿ ಹಣ್ಣುಕಾಯಿ ಮಾರುತ್ತಾಳೆ. ಅಪ್ಪ ಮಳೆ ಬಂದರೆ ರಾಗಿ, ಕಡಲೆಕಾಯಿ ಬೆಳೆಯುತ್ತಾನೆ. ಬೇಸಿಗೆಯಲ್ಲಿ ಹುಣಸೆಕಾಯಿ ಬಡಿಯುತ್ತಾನೆ. ಇಬ್ಬರಿಗೂ ಅಕ್ಷರ ಬಾರದು. ನನ್ನ ಪಾಠಪುಸ್ತಕಗಳನ್ನು ಬಿಟ್ಟರೆ ಮನೆಯಲ್ಲಿದ್ದ ಅಚ್ಚಿನ ವಸ್ತುಗಳು ಎರಡೇ: ಗೋಡೆಯ ಕ್ಯಾಲೆಂಡರು, ಪಡಿತರ ಚೀಟಿ.

ಪಾಠದ್ದಲ್ಲದ ಪುಸ್ತಕವನ್ನು ನಾನು ಮೊದಲು ಮುಟ್ಟಿದ್ದು ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದುವು. ಪಾಠವೆಲ್ಲ ಮೊಬೈಲಿಗೆ ಹೋಯಿತು. ನಮ್ಮ ಮನೆಯ ಮೊಬೈಲಾದರೋ ಮಾತನಾಡುವುದಕ್ಕೆ ಮಾತ್ರ ಬರುವಂಥದು. ಹಿಂದಿನ ವರ್ಷ, ಎಂದರೆ 2019ರಲ್ಲಿ, ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿದ್ದುವು. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆಲ್ಲ ಪುಕ್ಕಟೆ ಸದಸ್ಯತ್ವವೆಂದಾಯಿತು. ಗ್ರಂಥಾಲಯದ ಮೇಲ್ವಿಚಾರಕಿಯನ್ನು ನಾವು 'ಲೈಬ್ರರಿ ಅಕ್ಕ' ಎನ್ನುತ್ತಿದ್ದೆವು. ಆಕೆ ಮನೆ ಮನೆಗೆ ಬಂದು ಹೆಸರು ಬರೆದುಕೊಂಡರು. ಠೇವಣಿ ಕೇಳಲಿಲ್ಲ, ಜಾಮೀನು ಕೇಳಲಿಲ್ಲ. ಒಂದು ಕೋಣೆ, ಎರಡು ಬೀರು, ಒಂದು ಉದ್ದನೆಯ ಮೇಜು, ಇಷ್ಟೇ ಗ್ರಂಥಾಲಯ. ಎಸ್.ಎಸ್.ಎಲ್.ಸಿ. ಮುಗಿಯುವ ಹೊತ್ತಿಗೆ ನನ್ನ ಕೈಗೆಟಕುವ ಪುಸ್ತಕಗಳೆಲ್ಲ ಮುಗಿದು, ಮತ್ತೆ ಮೊದಲನೆಯ ಸಾಲಿನಿಂದ ಶುರು ಮಾಡಿದ್ದೆ.

ಹೀಗಾಗಿ ಬಿ.ಎ. ಓದಲು ಈ ಊರಿಗೆ ಬಂದು ನಗರದ ಗ್ರಂಥಾಲಯವನ್ನು ಮೊದಲು ಕಂಡಾಗ ನನಗೆ ಆದದ್ದು ಸಂತೋಷವಲ್ಲ, ಭಯ. ಮುಂದಿನ ಹಜಾರದಲ್ಲಿ ಪತ್ರಿಕೆಗಳು. ಅದರಾಚೆ ಒಂದು ಬಾಗಿಲು. ಬಾಗಿಲಿನಾಚೆ ಬೀರುಗಳ ಮೇಲೆ ಬೀರು. ಮೂರು ತಿಂಗಳು ನಾನು ಪತ್ರಿಕೆಗಳ ಮೇಜು ಬಿಟ್ಟು ಏಳಲಿಲ್ಲ. ಒಳಗಿನದು ಬೇರೆ ಯಾರಿಗೋ ಸೇರಿದ್ದೆಂದು ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಒಂದು ದಿನ ಗ್ರಂಥಪಾಲಕರೇ ಕರೆದು, "ಏನಪ್ಪಾ, ದಿನಾ ಬರುತ್ತೀಯೆ, ಪುಸ್ತಕ ಬೇಡವೆ?" ಎಂದು ಕೇಳಿ ಅರ್ಜಿಯೊಂದನ್ನು ಕೈಯಲ್ಲಿಟ್ಟರು. ಠೇವಣಿಯಾಗಿ ಸ್ವಲ್ಪ ಹಣ. ಕೊನೆಯಲ್ಲಿ ಜಾಮೀನುದಾರರ ರುಜು. ಸರ್ಕಾರಿ ನೌಕರರು ಯಾರಾದರೂ ಆದೀತು ಎಂದರು.

ದೀಪಾವಳಿಗೆ ಹೋದಾಗ ಅರ್ಜಿಯನ್ನು ಊರಿಗೆ ಒಯ್ದೆ. ಅಕ್ಷರ ಬಾರದವನ ಕಣ್ಣು ಮೊದಲು ಬೀಳುವುದು ಕಾಗದದಲ್ಲಿ ಬರೆಯದೆ ಬಿಟ್ಟ ಜಾಗದ ಮೇಲೆ.

"ಏನ್ಲಾ ಇದು, ಇಲ್ಲಿ ಖಾಲಿ ಬಿಟ್ಟವ್ರೆ?"

"ಅಲ್ಲಿ ಜಾಮೀನು ನಿಲ್ಲೋರು ರುಜು ಹಾಕ್ಬೇಕಪ್ಪ."

"ಪುಸ್ತಕ ಓದಾಕೂ ಜಾಮೀನಾ?"

"ಕಳೆದ್ರೆ ಅವ್ರು ಕಟ್ಟಿಕೊಡ್ಬೇಕು ಅಂತ."

ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಬ್ಯಾಡ. ಅಲ್ಲೇ ಕುಂತ್ಕೊಂಡು ಎಷ್ಟು ಬೇಕೋ ಓದ್ಕೊಂಡು ಬಾ. ಇನ್ನೊಬ್ರ ಕೊರಳಿಗೆ ಹಗ್ಗ ಹಾಕ್ಬ್ಯಾಡ" ಎಂದು ಎದ್ದುಹೋದ. ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಅಮ್ಮ ಸೆರಗಿನ ಗಂಟು ಬಿಚ್ಚಿ ಠೇವಣಿಯ ಹಣ ಕೊಟ್ಟಳು. ನೋಟುಗಳು ಕರ್ಪೂರದ ವಾಸನೆ ಹೊಡೆಯುತ್ತಿದ್ದುವು. ಹಣವೇನೋ ಸಿಕ್ಕಿತು, ರುಜು ಸಿಗಲಿಲ್ಲ.

ನಮ್ಮ ಬಳಗದಲ್ಲಿ ಸರ್ಕಾರಿ ನೌಕರರಿಲ್ಲ. ಎರಡು ವಾರ ಅರ್ಜಿ ನನ್ನ ನೋಟುಪುಸ್ತಕದೊಳಗೇ ಇತ್ತು. ಕೊನೆಗೆ ನಮ್ಮ ಇತಿಹಾಸದ ಮೇಷ್ಟರ ಮುಂದೆ ಹೋಗಿ ನಿಂತೆ. ಯಾರ ಮಗ, ಯಾವ ಊರು, ಕಳೆದರೆ ಗತಿಯೇನು ಎಂದು ಕೇಳುವರೆಂದು ಉತ್ತರಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಅವರು ಏನೂ ಕೇಳದೆ ರುಜು ಹಾಕಿ, "ಪುಸ್ತಕದಲ್ಲಿ ಗೀಟು ಹಾಕಬೇಡ, ಇನ್ನೊಬ್ಬ ಓದಬೇಕು" ಎಂದಷ್ಟೇ ಹೇಳಿ ಕಾಗದವನ್ನು ಹಿಂದಕ್ಕೆ ಕೊಟ್ಟರು. ನನ್ನ ಸಿದ್ಧ ಉತ್ತರಗಳೆಲ್ಲ ವ್ಯರ್ಥವಾದುವು.

ಬಾಗಿಲಿನಾಚೆಯ ಲೋಕ ಎಂಥದೆಂದು ಇನ್ನೂ ನೋಡದ ಗೆಳೆಯರಿಗಾಗಿ ಸ್ವಲ್ಪ ಹೇಳುತ್ತೇನೆ. ಮೊದಲು ತಬ್ಬಿಬ್ಬು ಮಾಡುವುದು ಪುಸ್ತಕಗಳ ಬೆನ್ನಿಗೆ ಅಂಟಿಸಿದ ಅಂಕಿಗಳು. ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬಾತ 1876ರಲ್ಲಿ ಲೋಕದ ತಿಳಿವಳಿಕೆಯನ್ನೆಲ್ಲ ಹತ್ತು ಭಾಗ ಮಾಡಿ ಅಂಕಿ ಕೊಟ್ಟ. ಸಾಹಿತ್ಯಕ್ಕೆ 800. ಅದರಲ್ಲಿ ಇಂಗ್ಲಿಷಿಗೆ 820 ಎಂಬ ತುಂಬುಮನೆ. ಕನ್ನಡಕ್ಕೆ ಸಿಕ್ಕಿದ್ದು 894.814; ಹತ್ತನೆಯ ಶತಮಾನದ ಪಂಪನಿಂದ ಮೊನ್ನೆ ಅಚ್ಚಾದ ಕವಿಯವರೆಗೆ ಎಲ್ಲರೂ ಆ ಬಿಂದುವಿನ ಆಚೆಯ ಸಣ್ಣ ಕೋಣೆಯಲ್ಲಿ ಸೇರಿಕೊಂಡಿದ್ದಾರೆ. ಆದರೆ ನಮ್ಮ ಗ್ರಂಥಾಲಯದಲ್ಲಿ ಅತಿ ಹೆಚ್ಚು ಬೀರುಗಳನ್ನು ಹಿಡಿದಿರುವುದು ಆ ಸಣ್ಣ ಕೋಣೆಯೇ! ಈ ಅಂಕಿ ಒಮ್ಮೆ ಬಾಯಿಗೆ ಬಂದರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ. ಕೇಳಲು ಅಂಜುವ ನನ್ನಂಥವನಿಗೆ ಅದು ಎಷ್ಟು ದೊಡ್ಡ ಉಪಕಾರವೆಂಬುದನ್ನು ಅಂಜದವರು ಅರಿಯರು.

ಓದುಗರಲ್ಲಿಯೂ ಬಗೆಬಗೆಯವರು. ಬೆಳಿಗ್ಗೆ ಪತ್ರಿಕೆಗಾಗಿ ಬರುವ ವೃದ್ಧರು. ಒಳಗಿನ ವಾಚನಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ತರುಣರು. ಅವರಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಯವರು ಬಹಳ. ನನ್ನ ಪಕ್ಕದಲ್ಲಿ ಕೂರುವ ಪಾವಗಡದ ಕಡೆಯ ಗೆಳೆಯನ ಜಮೀನು ತಿರುಮಣಿಯ ಸೌರವಿದ್ಯುತ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಸುಮಾರು 13,000 ಎಕರೆಯಲ್ಲಿ ಹರಡಿ 2019ರಲ್ಲಿ 2,050 ಮೆಗಾವಾಟ್ ಮುಟ್ಟಿದ ಪಾರ್ಕು ಅದು. "ಗುತ್ತಿಗೆ ಹಣ ಬರುತ್ತದೆ, ಮಾಡಲು ಉಳುಮೆಯಿಲ್ಲ, ಅದಕ್ಕೇ ಓದುತ್ತೇನೆ" ಎನ್ನುತ್ತಾನೆ. ಕಂಪ್ಯೂಟರುಗಳ ಮುಂದೆಯೂ ಜನರಿರುತ್ತಾರೆ. 2020ರಲ್ಲಿ ಆರಂಭವಾದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಸರು ನೋಂದಾಯಿಸಿದರೆ ಮೊಬೈಲಿನಲ್ಲಿಯೂ ಪುಸ್ತಕ ಓದಬಹುದು. ಇದಕ್ಕೆ ಠೇವಣಿಯೂ ಬೇಡ.

ಹೊಸ ಪುಸ್ತಕಗಳು ಬಂದಾಗ ಅವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಹರಡುತ್ತಾರೆ. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ನಡೆಯುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹದಲ್ಲಿ ಆ ಮೇಜು ಇನ್ನಷ್ಟು ಉದ್ದವಾಗುತ್ತದೆ. ಉಪನ್ಯಾಸವೂ ಇರುತ್ತದೆ, ಮಕ್ಕಳ ಸ್ಪರ್ಧೆಗಳೂ ಇರುತ್ತವೆ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತಷ್ಟೆ. ಕನ್ನಡದ ಕೃತಿಯೊಂದಕ್ಕೆ ಆ ಮನ್ನಣೆ ಸಂದದ್ದು ಅದೇ ಮೊದಲು. ಆ ವಾರ ನಮ್ಮ ಗ್ರಂಥಾಲಯದಲ್ಲಿ ಆಕೆಯ ಪುಸ್ತಕ ಕೇಳಿದವರ ಹೆಸರುಗಳು ಒಂದು ಹಾಳೆಯನ್ನು ತುಂಬಿದುವು. ನನ್ನ ಸರದಿ ಬರಲು ಎರಡು ತಿಂಗಳು ಹಿಡಿಯಿತು. ಕೈಗೆ ಬಂದ ಪ್ರತಿಯ ಅಂಚುಗಳು ಅಷ್ಟರಲ್ಲಿ ಮೆತ್ತಗಾಗಿದ್ದುವು. ಎಷ್ಟೋ ಕೈಗಳು ಓದಿದ ಪುಸ್ತಕದ ಸುಖ ಹೊಸ ಪುಸ್ತಕಕ್ಕಿಲ್ಲ.

ಇನ್ನು ನನ್ನ ಅಪರಾಧವನ್ನು ಹೇಳಬೇಕು. ಎರಡನೆಯ ವರ್ಷದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ತಂದಿದ್ದೆ. 1967ರಲ್ಲಿ ಪ್ರಕಟವಾದ ಆ ದಪ್ಪ ಪುಸ್ತಕವನ್ನು ಶನಿವಾರ ಊರಿಗೆ ಹೋಗುವ ಬಸ್ಸಿನಲ್ಲಿಯೂ ಬಿಡಲಾರದೆ ಓದುತ್ತಿದ್ದೆ. ಕೊರಟಗೆರೆಯಲ್ಲಿ ಬಸ್ಸು ಬದಲಿಸುವ ಗಡಿಬಿಡಿಯಲ್ಲಿ ಚೀಲ ನನ್ನೊಡನೆ ಇಳಿಯಿತು. ಪುಸ್ತಕ ಸೀಟಿನಲ್ಲಿಯೇ ಉಳಿಯಿತು. ಮರುದಿನ ವಿಚಾರಿಸಿದೆ, ಅದರ ಮರುದಿನವೂ ವಿಚಾರಿಸಿದೆ. ಸಿಗಲಿಲ್ಲ. ಹೊಸ ಪ್ರತಿಯ ಬೆಲೆ ನನ್ನ ಕೈಯಲ್ಲಿದ್ದುದಕ್ಕಿಂತ ಹೆಚ್ಚಾಗಿತ್ತು. ನಾನು ಮಾಡಿದ್ದು ಹೇಡಿಯ ಕೆಲಸ: ಗ್ರಂಥಾಲಯಕ್ಕೆ ಹೋಗುವುದನ್ನೇ ನಿಲ್ಲಿಸಿದೆ. ಇತಿಹಾಸದ ತರಗತಿಯಲ್ಲಿ ಹಿಂದಿನ ಬೆಂಚಿಗೆ ಸರಿದೆ. ಮೇಷ್ಟರು ನನ್ನ ಕಡೆ ನೋಡಿದಾಗಲೆಲ್ಲ ಅವರ ರುಜು ಕಣ್ಣೆದುರು ಬರುತ್ತಿತ್ತು.

ಅವಧಿ ಮೀರಿ ತಿಂಗಳಾದ ಮೇಲೆ ಗ್ರಂಥಾಲಯದಿಂದ ಒಂದು ಕಾರ್ಡು ನನ್ನ ಊರಿನ ವಿಳಾಸಕ್ಕೆ ಹೋಯಿತು. ಅಂಚೆಯಣ್ಣ ಅದನ್ನು ಅಪ್ಪನಿಗೆ ಓದಿ ಹೇಳಿದನಂತೆ. ಪುಸ್ತಕ ಹಿಂತಿರುಗಿಸದಿದ್ದರೆ ಜಾಮೀನುದಾರರಿಂದ ವಸೂಲು ಮಾಡಲಾಗುವುದು ಎಂದಿತ್ತು. ಅಪ್ಪನಿಗೆ ಉಳಿದ ಮಾತುಗಳು ಎಷ್ಟು ಕೇಳಿಸಿದುವೋ ಕಾಣೆ.

ಮರುದಿನ ಮೊದಲನೆಯ ಬಸ್ಸಿಗೆ ಬಂದು ಅಪ್ಪ ಕಾಲೇಜಿನ ಗೇಟಿನಲ್ಲಿ ನಿಂತಿದ್ದ. ಹೆಗಲಿಗೆ ಟವೆಲು, ಕೈಯಲ್ಲಿ ಕಾಗದಪತ್ರಗಳ ಪ್ಲಾಸ್ಟಿಕ್ ಚೀಲ. ನಿಜ ಹೇಳಿಬಿಡುತ್ತೇನೆ. ಅವನನ್ನು ಕಂಡ ಕೂಡಲೆ ನನಗೆ ಬಂದದ್ದು ಗೆಳೆಯರು ನೋಡುವರಲ್ಲ ಎಂಬ ಅಳುಕು. ಅದಕ್ಕಾಗಿ ನಾಚುವಷ್ಟು ಬುದ್ಧಿ ಆಮೇಲೆ ಬಂತು. ಅಪ್ಪ ಬಯ್ಯಲಿಲ್ಲ. "ಎಲ್ಲೈತೆ ಆ ಲೈಬ್ರರಿ, ನಡಿ" ಎಂದ.

ಗ್ರಂಥಪಾಲಕರ ಮುಂದೆ ಅಪ್ಪ ಹಣವನ್ನು ಮೇಜಿನ ಮೇಲಿಟ್ಟು ಕೈಮುಗಿದು, "ಸ್ವಾಮಿ, ಇದ್ರಾಗೆ ತಗಳ್ಳಿ. ರುಜು ಹಾಕಿದೋರ ತಂಟೆಗೆ ಹೋಗ್ಬ್ಯಾಡಿ" ಎಂದ. ಹುಣಸೆಹಣ್ಣು ಮಾರಿ ಬಂದ ಹಣವದು. ಗ್ರಂಥಪಾಲಕರು ಕುರ್ಚಿ ಕೊಟ್ಟು ಕೂರಿಸಿ, ಅಂಗಡಿಯಿಂದ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದುಕೊಟ್ಟರೆ ತೀರಿತು, ಯಾರ ತಂಟೆಗೂ ಹೋಗುವುದಿಲ್ಲ ಎಂದು ಸಮಾಧಾನ ಹೇಳಿದರು. ಅಪ್ಪನಿಗೆ ನಂಬಿಕೆ ಬರಲಿಲ್ಲ. ಕಚೇರಿಯೆಂದ ಮೇಲೆ ಕಾಗದ ಬೇಕೇ ಬೇಕೆಂದು ಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದ: ಪಹಣಿ, ಆಧಾರ್, ಪಡಿತರ ಚೀಟಿ, ಪಂಚಾಯಿತಿಯ ಮನೆ ಕಂದಾಯದ ರಶೀದಿ.

ಗ್ರಂಥಪಾಲಕರು ರಶೀದಿಯನ್ನು ಕೈಗೆತ್ತಿಕೊಂಡು ನಕ್ಕರು. "ಯಜಮಾನ್ರೆ, ಇಲ್ಲಿ ನೋಡಿ. ಮನೆ ಕಂದಾಯ 300 ರೂಪಾಯಿ. ಅದರ ಕೆಳಗೆ ಆರೋಗ್ಯ ಕರ 45, ಶಿಕ್ಷಣ ಕರ 30, ಗ್ರಂಥಾಲಯ ಕರ 18, ಭಿಕ್ಷುಕರ ಕರ 9. ಈ ಹದಿನೆಂಟು ರೂಪಾಯಿ ಪುಸ್ತಕದ ದುಡ್ಡು. ನೀವು ವರ್ಷಾವರ್ಷಾ ಕಟ್ಟುತ್ತಿದ್ದೀರಿ."

"ನಾನು ಮನೆಗೆ ಕಟ್ಟಿದ್ದು ಸ್ವಾಮಿ. ಪುಸ್ತಕಕ್ಕೆ ಯಾವಾಗ ಕಟ್ಟಿದೆ?"

"ಮನೆ ಇರೋರೆಲ್ಲ ಕಟ್ಟಬೇಕು ಯಜಮಾನ್ರೆ. ನಿಮ್ಮ ದುಡ್ಡು ನಿಮ್ಮೂರಿನ ಗ್ರಂಥಾಲಯಕ್ಕೆ, ಈ ಊರಿನವರ ದುಡ್ಡು ಈ ಗ್ರಂಥಾಲಯಕ್ಕೆ. ಓದೋರೂ ಕಟ್ಟುತ್ತಾರೆ, ಓದದೋರೂ ಕಟ್ಟುತ್ತಾರೆ."

ಅಪ್ಪ ರಶೀದಿಯನ್ನು ತಿರುವಿ ತಿರುವಿ ನೋಡಿದ. ನಾನೂ ನೋಡಿದೆ. ಬಿ.ಎ. ಓದುತ್ತಿದ್ದ ನಾನು ನಮ್ಮ ಮನೆಯ ರಶೀದಿಯನ್ನು ಅದುವರೆಗೆ ಒಮ್ಮೆಯೂ ಓದಿರಲಿಲ್ಲ!

ಆ ಹದಿನೆಂಟು ರೂಪಾಯಿಯ ಹಿಂದಿನ ಕಥೆಯನ್ನು ಆಮೇಲೆ ಹುಡುಕಿಕೊಂಡು ಓದಿದೆ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಆದದ್ದು 1965ರಲ್ಲಿ. ಆಗ ರಾಜ್ಯದ ಹೆಸರು ಮೈಸೂರು. ಅದು ಜಾರಿಗೆ ಬಂದದ್ದು 1966ರ ನವೆಂಬರ್ 1ರಂದು. ಇದಕ್ಕೆ ಮುಂಚೆ ಮದರಾಸಿನಲ್ಲಿ 1948ರಲ್ಲಿ, ಹೈದರಾಬಾದಿನಲ್ಲಿ 1955ರಲ್ಲಿ ಇಂಥ ಕಾಯಿದೆಗಳಾಗಿದ್ದುವು. ಈ ಕಾಯಿದೆಗಳಿಗಾಗಿ ದುಡಿದವರಲ್ಲಿ ಮುಖ್ಯರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕವಿರುವುದು ಬೀಗ ಹಾಕಿಡಲಿಕ್ಕಲ್ಲ, ಯಾವನೇ ಓದುಗನನ್ನೂ ಬರಿಗೈಯಲ್ಲಿ ಕಳುಹಿಸಬಾರದು ಎಂಬುದೇ ಅವುಗಳ ತಿರುಳು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಕಳೆದ ವರ್ಷ ಪ್ರವಾಸ ಹೋದಾಗ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡವನ್ನು ನಾವೆಲ್ಲ ಕಂಡೆವಷ್ಟೆ. 1883ರಿಂದ 1901ರವರೆಗೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ ಎದ್ದ ಕಟ್ಟಡ ಅದು. ಗೆಳೆಯರು ಗುಲಾಬಿ ತೋಟದಲ್ಲಿ ಭಾವಚಿತ್ರ ತೆಗೆಯುತ್ತಿದ್ದಾಗ ನಾನು ಯೋಚಿಸುತ್ತಿದ್ದೆ: ದಿವಾನರ ಹೆಸರು ಕಟ್ಟಡದ ಮೇಲಿದೆ, ಹದಿನೆಂಟು ರೂಪಾಯಿ ಕಟ್ಟುವವರ ಹೆಸರು ಯಾವ ಕಟ್ಟಡದ ಮೇಲೂ ಇಲ್ಲ. ಆದರೂ ಗ್ರಂಥಾಲಯಗಳು ನಿಂತಿರುವುದು ಅವರ ಮೇಲೆಯೂ ಹೌದು.

ಅಂದು ಅಂಗಡಿಯಿಂದ ಹೊಸ ಪ್ರತಿ ತಂದುಕೊಟ್ಟಾದ ಮೇಲೆ ಅಪ್ಪ ಊರಿಗೆ ಹೊರಡಲಿಲ್ಲ. ರುಜು ಹಾಕಿದವರನ್ನು ನೋಡಬೇಕೆಂದು ಹಟ ಹಿಡಿದ. ಬೇಡವೆಂದರೆ ಕೇಳಲಿಲ್ಲ. ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, "ಸ್ವಾಮಿ, ಪುಸ್ತಕ ತಂದುಕೊಟ್ಟಿವ್ನಿ. ನಿಮ್ಮ ಮ್ಯಾಲೆ ಏನೂ ಇಲ್ಲ" ಎಂದು ನಿಂತ. ಮೇಷ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ರುಜುವನ್ನು ಅವರು ಮರೆತೇಬಿಟ್ಟಿದ್ದರು. "ಅಯ್ಯೋ, ನಾನು ಮರೆತಿದ್ದೆ ಯಜಮಾನ್ರೆ, ಇದಕ್ಕೆ ಇಷ್ಟು ದೂರ ಬಂದಿರಾ?" ಎಂದರು.

"ಜಾಮೀನು ನಿಂತೋರು ಮರೆತ್ರೆ ಮರೀಲಿ ಸ್ವಾಮಿ. ನಿಲ್ಲಿಸಿದೋರು ಮರೀಬಾರ್ದು" ಎಂದ ಅಪ್ಪ.

ಮೇಷ್ಟರು ಎದ್ದು ನಿಂತರು. ನಾನು ನೆಲ ನೋಡುತ್ತಿದ್ದೆ. ಇಪ್ಪತ್ತು ವರ್ಷಗಳಿಂದ ಆ ದಾಯಾದಿಯ ಬಾಯಿಂದ ಅಪ್ಪ ಯಾವ ಮಾತನ್ನು ಕೇಳಲು ಕಾದಿದ್ದನೆಂಬುದು ನನಗೆ ಅಂದು ತಿಳಿಯಿತು.

ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಅಪ್ಪನನ್ನು ಮತ್ತೆ ಗ್ರಂಥಾಲಯಕ್ಕೆ ಕರೆದೊಯ್ದೆ. ಪತ್ರಿಕೆಗಳ ಮೇಜಿನ ಮುಂದೆ ಕುಳಿತು ಒಂದು ಪತ್ರಿಕೆಯನ್ನು ಬಿಡಿಸಿ ಚಿತ್ರಗಳನ್ನು ನೋಡಿದ. ಪಕ್ಕದಲ್ಲಿದ್ದ ಹಿರಿಯರು ತಾವು ಓದಿ ಮುಗಿಸಿದ ಹಾಳೆಯನ್ನು ಅವನತ್ತ ಸರಿಸಿದರು. ಓದಲು ಬರುತ್ತದೆಯೆ ಎಂದು ಯಾರೂ ಕೇಳಲಿಲ್ಲ. ಏಳೆಂದೂ ಹೇಳಲಿಲ್ಲ.

ಈ ವರ್ಷ ಪರೀಕ್ಷೆ ಮುಗಿದ ಮೇಲೆ ನಾನು ಸದಸ್ಯತ್ವದ ಚೀಟಿಯನ್ನು ಹಿಂತಿರುಗಿಸಿ ಠೇವಣಿ ಪಡೆಯಬೇಕು. ಮೊನ್ನೆ ಮೊದಲನೆಯ ವರ್ಷದ ಹುಡುಗನೊಬ್ಬ ಪತ್ರಿಕೆಗಳ ಮೇಜಿನಲ್ಲಿ ಕುಳಿತು ಒಳಬಾಗಿಲನ್ನೇ ನೋಡುತ್ತಿದ್ದ. ಊರು ಕೇಳಿದೆ, ಶಿರಾ ಹತ್ತಿರದ ಹಳ್ಳಿ. ಅರ್ಜಿ ಕೊಡಿಸಿದೆ. ರುಜು ಹಾಕುವ ಯೋಗ್ಯತೆ ನನಗಿನ್ನೂ ಬಂದಿಲ್ಲವಾದ್ದರಿಂದ ಅವನನ್ನು ಮೇಷ್ಟರ ಬಳಿಗೆ ಕರೆದುಕೊಂಡು ಹೋದೆ. ಗೆಳೆಯರೆ, ನಮ್ಮಲ್ಲಿ ಕೆಲವರಾದರೂ ನಾಳೆ ಉದ್ಯೋಗ ಹಿಡಿಯುತ್ತೇವೆ. ಅಂದು ಯಾವನಾದರೂ ಹುಡುಗ ಇಂಥ ಅರ್ಜಿ ಹಿಡಿದು ಎದುರಿಗೆ ನಿಂತರೆ ಅವನ ಊರುಕೇರಿ ಕೇಳದೆ ರುಜು ಹಾಕೋಣ. ಗೀಟು ಹಾಕಬೇಡವೆಂದು ಮಾತ್ರ ಹೇಳೋಣ.

ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಪಂಚಾಯಿತಿಯ ಬಿಲ್ ಕಲೆಕ್ಟರ್ ಕಂದಾಯಕ್ಕೆ ಬಂದಿದ್ದರು. ಅಪ್ಪ ಹಣ ಎಣಿಸಿ ಕೊಟ್ಟು ರಶೀದಿ ಈಸಿಕೊಂಡ. ಎಂದಿನಂತೆ ಮಡಿಸಿ ಚೀಲಕ್ಕೆ ಹಾಕಲಿಲ್ಲ. "ಪುಸ್ತಕದ ದುಡ್ಡು ಯಾವ ಗೆರೇಲೈತೆ, ತೋರ್ಸಿ" ಎಂದ. ಅವರು ತೋರಿಸಿದರು. ಅಪ್ಪ ಆ ಗೆರೆಯ ಮೇಲೆ ಬಲಗೈ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದ.